ಸ್ಪೀಕರ್ ಕೇಳುವವನ ತಕರಾರು

‘ತಮ್ಮಾ, ನೀ ಸಂಗೀತ ಕೇಳಾಕತ್ತಿಲ್ಲ. ಸ್ಪೀಕರ್ ಕೇಳಾಕತ್ತಿ.’

ಹೀಗೆಂದವರು ಗದಗಿನ ಒಬ್ಬ ಹಿರಿಯರು, ನಿವೃತ್ತ ಶಾಲಾ ಮಾಸ್ತರು. ನಾಗಾವಿಯ ನನ್ನ ಬಾಡಿಗೆ ಕೋಣೆಗೆ ಬಂದಿದ್ದರು. ನಾನೇ ಕಟ್ಟಿದ ಎರಡು ಸ್ಪೀಕರ್ ಪೆಟ್ಟಿಗೆ, ಆರು ಆಂಪ್ಲಿಫೈಯರ್ ಬೋರ್ಡು, ಸ್ಟ್ಯಾಂಡಿನ ಮೇಲೆ ಕತ್ತು ಚಾಚಿ ನಿಂತ ಅಳತೆಯ ಮೈಕು ಎಲ್ಲವನ್ನೂ ನೋಡಿ, ಚಹಾದ ಕಪ್ಪು ಕೆಳಗಿಡುತ್ತ ಅಂದರು. ಬೈಗುಳವಲ್ಲ, ಕನಿಕರ. ಇದೇ ಮಾತನ್ನು ಬೇರೆ ಬೇರೆ ವೇಷದಲ್ಲಿ ಗೆಳೆಯರಿಂದಲೂ ಸಾಹಿತ್ಯದ ಗೋಷ್ಠಿಗಳಲ್ಲೂ ಕೇಳಿದ್ದೇನೆ. ಅಳೆಯುವವನಿಗೆ ರಸ ದಕ್ಕುವುದಿಲ್ಲವಂತೆ. ಯಂತ್ರ ಬಂದ ಮೇಲೆ ಸಂಗೀತ ಕೆಟ್ಟಿತಂತೆ. ಈ ಮಾತುಗಳಲ್ಲಿ ವಿವೇಕಕ್ಕಿಂತ ಸೋಮಾರಿತನ ಹೆಚ್ಚು ಎಂಬುದು ನನ್ನ ತಕರಾರು. ಮಾಸ್ತರರ ವಿಷಯ ಮಾತ್ರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನು ಕಟ್ಟಿದ್ದೇನು ಎಂದು ಹೇಳಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪೀಕರಿಗೆ ಒಂದೇ ಆಂಪ್ಲಿಫೈಯರ್. ಅದು ಕಳಿಸಿದ ಶಕ್ತಿಯನ್ನು ಪೆಟ್ಟಿಗೆಯೊಳಗಿನ ಕಾಯಿಲು, ಕಂಡೆನ್ಸರುಗಳು ಪಾಲು ಮಾಡಿ ದಪ್ಪ ಸ್ವರವನ್ನು ವೂಫರಿಗೆ, ಸಣ್ಣದನ್ನು ಟ್ವೀಟರಿಗೆ ಕೊಡುತ್ತವೆ. ಬಹು ಆಂಪ್ಲಿಫೈಯರ್ ಪದ್ಧತಿಯಲ್ಲಿ ಈ ಪಾಲು ಆಗುವುದು ಆಂಪ್ಲಿಫೈಯರಿಗಿಂತ ಮೊದಲೇ, ಸಿಗ್ನಲ್ ಇನ್ನೂ ಸಣ್ಣದಾಗಿರುವಾಗ. ಆಮೇಲೆ ವೂಫರಿಗೊಂದು, ಮಧ್ಯದ ಸ್ಪೀಕರಿಗೊಂದು, ಟ್ವೀಟರಿಗೊಂದು ಆಂಪ್ಲಿಫೈಯರ್. ನನ್ನ ಪೆಟ್ಟಿಗೆಗಳಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನದು ಎಂಟು ಇಂಚಿನ ವೂಫರಿಗೆ, 2,200ಕ್ಕಿಂತ ಮೇಲಿನದು ಟ್ವೀಟರಿಗೆ, ನಡುವಿನದೆಲ್ಲ ಐದು ಇಂಚಿನದಕ್ಕೆ. 300 ಹರ್ಟ್ಸ್‌ನಲ್ಲಿ ಹಳೆಯ ಪದ್ಧತಿಯಂತೆ ಪಾಲು ಮಾಡಬೇಕೆಂದರೆ ಎಂಟು ಮಿಲಿಹೆನ್ರಿಯ ಆಸುಪಾಸಿನ ದೊಡ್ಡ ತಾಮ್ರದ ಸುರುಳಿ ಬೇಕು. ಇಲ್ಲಿ ಅದೇ ಕೆಲಸವನ್ನು ಒಂದು ಆಪ್-ಆಂಪ್ ಚಿಪ್ಪು ಮತ್ತು ಚಿಲ್ಲರೆ ಕಾಸಿನ ರೆಸಿಸ್ಟರುಗಳು ಮಾಡುತ್ತವೆ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ತಬಲಾದ ಡಗ್ಗಾಕ್ಕೆ ಜೋರಾಗಿ ಪೆಟ್ಟು ಬಿದ್ದಾಗ ಆಂಪ್ಲಿಫೈಯರ್ ತನ್ನ ಮಿತಿ ಮೀರಿ ಅಲೆಯ ತಲೆ ಕತ್ತರಿಸುತ್ತದೆ. ಒಂದೇ ಆಂಪ್ಲಿಫೈಯರ್ ಇದ್ದರೆ ಅದರೊಟ್ಟಿಗೆ ಗಾಯಕರ ದನಿಯೂ ಹರಿಯುತ್ತದೆ. ಬೇರೆ ಬೇರೆ ಇದ್ದರೆ ಕೆಡುವುದು ಡಗ್ಗಾದ ಒಂದು ಪೆಟ್ಟು ಮಾತ್ರ, ದನಿ ಸ್ವಚ್ಛವಾಗಿ ಉಳಿಯುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಗಣಪತಿ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಡಿಜೆ ಕಟ್ಟುವ ಬೆಟಗೇರಿಯ ಒಬ್ಬ ಹುಡುಗನಿಂದ. ನಮ್ಮ ರಸಿಕರು ಕಿವಿ ಮುಚ್ಚಿಕೊಂಡು ಶಪಿಸುವ ಆ ಟ್ರ್ಯಾಕ್ಟರಿನ ಮೇಲಿರುವುದು ಅಪ್ಪಟ ಬಹು ಆಂಪ್ಲಿಫೈಯರ್ ವ್ಯವಸ್ಥೆಯೇ. ಬೇಸಿಗೆ ಬೇರೆ, ಮಿಡ್ಡಿಗೆ ಬೇರೆ, ಹಾರ್ನಿಗೆ ಬೇರೆ ಆಂಪ್ಲಿಫೈಯರ್, ಎಲ್ಲದರ ಮುಂದೆ ಒಂದು ಕ್ರಾಸ್‌ಓವರ್. ಸಿರಿವಂತರು ಲಕ್ಷಗಟ್ಟಲೆ ಸುರಿದು ಕೊಳ್ಳುವ ಹೈ-ಫೈ ವಿದ್ಯೆ ನಮ್ಮ ತಾಲೂಕುಗಳಲ್ಲಿ ಹತ್ತನೇ ತರಗತಿ ಫೇಲಾದ ಹುಡುಗರ ಕೈಯಲ್ಲಿದೆ. ಅವರು ಅದನ್ನು ಎದೆ ನಡುಗಿಸಲು ಬಳಸುತ್ತಾರೆ, ನಿಜ. ನಾವು ಅದನ್ನು ಯಾವುದಕ್ಕೂ ಬಳಸುವುದಿಲ್ಲ. ಭೀಮಸೇನ ಜೋಶಿಯವರ ಫೋಟೋಕ್ಕೆ ಹಾರ ಹಾಕಿದ ವೇದಿಕೆಯ ಪಕ್ಕದಲ್ಲೇ ಅವರದೇ ರೆಕಾರ್ಡಿಂಗನ್ನು ಕೋನು ಹರಿದ ಸ್ಪೀಕರಿನಲ್ಲಿ ಹಾಕಿ, ಅದರ ಮುಂದೆ ಪರಂಪರೆಯ ಬಗ್ಗೆ ಒಂದು ತಾಸು ಭಾಷಣ ಮಾಡುತ್ತೇವೆ. ಸಭೆಯಲ್ಲಿ ಒಬ್ಬರಾದರೂ ಎದ್ದು, ‘ಆ ಸ್ಪೀಕರ್ ಬಂದ್ ಮಾಡ್ರಿ’ ಅಂದದ್ದನ್ನು ನಾನು ನೋಡಿಲ್ಲ. ನಾನೂ ಎದ್ದಿಲ್ಲ.

ಆ ಹುಡುಗ ನನಗೆ ಮೂರು ಸಂಗತಿ ಕಲಿಸಿದ. ಹೊಸ ಬೋರ್ಡಿಗೆ ಮೊದಲ ಸಲ ಕರೆಂಟು ಕೊಡುವಾಗ ಸೀರೀಸಿನಲ್ಲಿ ನೂರು ವ್ಯಾಟಿನ ಬಲ್ಬು ಹಾಕಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ಬೋರ್ಡು ಉಳಿಯುತ್ತದೆ. ಟ್ವೀಟರಿಗೆ ಎಂದೂ ನೇರ ಕೊಡಬಾರದು, ನಡುವೆ ಒಂದು ಕಂಡೆನ್ಸರ್ ಇರಲಿ. ಇಲ್ಲದಿದ್ದರೆ ಆನ್ ಮಾಡಿದಾಗಿನ ಒಂದು ‘ಧಪ್’ ಸಾಕು, ಕೂದಲಿನಂಥ ಅದರ ತಂತಿ ಸುಟ್ಟುಹೋಗಲು. ಮೂರನೆಯದು ಪ್ಲಸ್ಸು ಮೈನಸ್ಸಿನ ಪರೀಕ್ಷೆ. ಒಂದೂವರೆ ವೋಲ್ಟಿನ ಸೆಲ್ಲನ್ನು ತಂತಿಗೆ ಮುಟ್ಟಿಸಿದರೆ ಕೋನು ಮುಂದಕ್ಕೆ ಬರಬೇಕು, ಹಿಂದಕ್ಕೆ ಹೋದರೆ ತಂತಿ ಅದಲುಬದಲಾಗಿದೆ ಎಂದರ್ಥ. ವೂಫರು ಮತ್ತು ಮಧ್ಯದ ಸ್ಪೀಕರುಗಳನ್ನು ಹಾಗೇ ನೋಡಿದೆ. ಟ್ವೀಟರಿನ ಗುಮ್ಮಟ ಅಲುಗುವುದು ಕಣ್ಣಿಗೆ ಕಾಣುವುದಿಲ್ಲ, ಸೆಲ್ ಮುಟ್ಟಿಸಲು ಧೈರ್ಯವೂ ಆಗಲಿಲ್ಲ. ಕೆಂಪು ಗುರುತನ್ನು ನಂಬಿ ಬೆಸುಗೆ ಹಾಕಿದೆ.

ಪೆಟ್ಟಿಗೆಯ ಒಳಗೆ ಹಳೆ ಗಾದಿಯ ಹತ್ತಿ ಹಿಂಜಿ ತುಂಬಿದೆ. ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆ ಎರಡೂ ದನಿಯನ್ನು ಚೆಂಡಿನಂತೆ ವಾಪಸು ಎಸೆಯುತ್ತಿದ್ದವು. ಅವ್ವ ಹೊಲಿದ ಎರಡು ಕೌದಿ ಗೋಡೆಗೆ ತೂಗುಹಾಕಿದೆ. ನಂತರ ಒಂದು ತಿಂಗಳು ಸುಖವಾಗಿ ಕೇಳಿದೆ. ದಿನಾ ರಾತ್ರಿ ಊಟವಾದ ಮೇಲೆ ಕಲ್ಲಿನ ಮೇಲೆ ಚಾಪೆ ಹಾಸಿಕೊಂಡು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಎಂಥ ಮೃದು ದನಿ! ಗೆಳೆಯರಿಗೆ ಹೇಳಿದ್ದೇ ಹೇಳಿದ್ದು. ಕೈಯಾರೆ ಮಾಡಿದ್ದಕ್ಕೆ ಇರುವ ಸೊಗಸೇ ಬೇರೆ, ಮೈಕು ಗೀಕು ಹಿಡಿದು ಅಳೆಯುವ ಅಗತ್ಯವೇನಿದೆ ಎಂದು ಆಗ ನನಗೂ ಅನ್ನಿಸಿತ್ತು. ಈಗ ಯಾರನ್ನು ಬೈಯಲು ಹೊರಟಿದ್ದೇನೋ, ಆ ಬಣಕ್ಕೆ ನಾನೂ ಸೇರಿದ್ದೆ.

ಮಾಸ್ತರರು ಮೊದಲ ಸಲ ಬಂದದ್ದು ಆಗಲೇ. ಮೊಣಕಾಲು ನೋವು, ನೆಲಕ್ಕೆ ಕೂಡಲಾರರು. ಕುರ್ಚಿ ಹಾಕಿಕೊಟ್ಟೆ. ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿದವರು, ‘ಇದರಾಗ ತಂಬೂರಿ ಎಲ್ಲಿ ಹೋತು?’ ಅಂದರು. ಇದೆಯಲ್ಲ ಸರ, ಕೇಳಸ್ತದಲ್ಲ ಅಂದೆ. ‘ಅದು ಬರೇ ತಂತಿ. ಜವಾರಿ ಇಲ್ಲ.’ ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ. ಜವಾರಿ ಕೋಳಿ, ಜವಾರಿ ಬೆಂಡೆಕಾಯಿ. ತಂಬೂರಿಯ ಜವಾರಿ ಎಂದರೆ ಕುದುರೆಯ ಮೇಲೆ ತಂತಿಯ ಕೆಳಗೆ ಎಳೆ ದಾರ ಸರಿಸಿದಾಗ ಏಳುವ ಆ ಝೇಂಕಾರ, ಕರ್ನಾಟಕ ಸಂಗೀತದವರ ಜೀವಾಳ. ಹಳೆಯ ರೆಕಾರ್ಡಿಂಗ್ ಸರ, ಅಷ್ಟೇ ಬಂದಿರ್ತದ ಎಂದು ವಾದಿಸಿದೆ. ಅವರು ಸುಮ್ಮನಾದರು.

ಅವರು ಹೋದ ಮೇಲೆ ಕಸಿವಿಸಿ. ಅಳತೆಯ ಮೈಕೊಂದನ್ನು ಕಡ ತಂದೆ, ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡೆ. ಗೋಡೆಗಳ ಪ್ರತಿಧ್ವನಿ ಬೇಡವೆಂದು ಪೆಟ್ಟಿಗೆಯನ್ನು ಮಾಳಿಗೆಗೆ ಹೊತ್ತೆ. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ, ಮೈಕಿನ ತುಂಬ ಗಾಳಿಯೇ. ನಾಲ್ಕನೆಯ ದಿನ ನಸುಕಿನಲ್ಲಿ ಗಾಳಿ ನಿಂತಿತು. ಕೆಳಗಿನಿಂದ ಮೇಲಿನವರೆಗೆ ಜಾರುವ ಒಂದೇ ಸ್ವರ ಹಾಯಿಸಿದೆ. ಪರದೆಯ ಮೇಲೆ ಗೆರೆ ಮೂಡಿತು, ಮತ್ತು 2,200 ಹರ್ಟ್ಸ್ ಹತ್ತಿರ ಬಾವಿಯಂತೆ ಕುಸಿಯಿತು.

ನಾನು ಬಳಸಿದ ಕ್ರಾಸ್‌ಓವರಿಗೆ ಲಿಂಕ್‌ವಿಟ್ಝ್-ರೈಲಿ ಎಂದು ಹೆಸರು. ಹ್ಯೂಲೆಟ್-ಪ್ಯಾಕರ್ಡಿನ ಎಂಜಿನಿಯರ್ ಝೀಗ್‌ಫ್ರೀಡ್ ಲಿಂಕ್‌ವಿಟ್ಝ್ 1976ರಲ್ಲಿ ಪ್ರಕಟಿಸಿದ ವಿನ್ಯಾಸ. ಸಂಧಿಯ ಸ್ವರದಲ್ಲಿ ಎರಡೂ ಸ್ಪೀಕರುಗಳು ಆರಾರು ಡೆಸಿಬೆಲ್ ಇಳಿದು, ಒಂದೇ ಹೆಜ್ಜೆಯಲ್ಲಿ ನಡೆದು, ಕೂಡಿದಾಗ ಸಮವಾಗುತ್ತವೆ. ಒಂದರ ಪ್ಲಸ್ಸು ಮೈನಸ್ಸು ತಿರುಗಿಸಿದರೆ ಅದೇ ಸ್ವರದಲ್ಲಿ ಒಂದನ್ನೊಂದು ತಿಂದುಹಾಕುತ್ತವೆ. ಜೋಡಣೆ ಸರಿಯಾಗಿದೆಯೇ ಎಂದು ನೋಡಲು ಬೇಕಂತಲೇ ತಂತಿ ತಿರುಗಿಸಿ ಈ ಬಾವಿಯನ್ನು ಹುಡುಕುವುದೂ ಒಂದು ಪರೀಕ್ಷೆ. ನಾನು ತಿಳಿಯದೆ ಎರಡೂ ಟ್ವೀಟರುಗಳನ್ನು ತಿರುಗಿಸಿ, ಬಾವಿಯನ್ನೇ ತಿಂಗಳುಗಟ್ಟಲೆ ‘ಮೃದು’ ಎಂದು ಹೊಗಳಿದ್ದೆ. ತಂಬೂರಿಯ ಝೇಂಕಾರದ ದೊಡ್ಡ ಪಾಲು ಇರುವುದು ಆ ಪ್ರದೇಶದಲ್ಲೇ. ಬಾವಿ ಅತಿ ಆಳವಾಗಿರುವುದು ಟ್ವೀಟರಿನ ಮಟ್ಟಕ್ಕೆ ಕಿವಿ ಇದ್ದಾಗ. ಚಾಪೆಯ ಮೇಲೆ ಕೂತ ನಾನು ಅದರ ಅಂಚಿನಲ್ಲಿದ್ದೆ, ಕುರ್ಚಿಯಲ್ಲಿ ಕೂತ ಮಾಸ್ತರರು ಅದರ ನಡುವಿಗೇ ಇಳಿದಿದ್ದರು.

ಹಾಗಾದರೆ ಗೆದ್ದವರು ಮಾಸ್ತರರೇ ಅಲ್ಲವೆ, ಮೈಕು ಯಾಕೆ ಬೇಕು, ಕಿವಿ ಸಾಲದೆ? ನನ್ನ ಜಗಳ ಇರುವುದೇ ಇಲ್ಲಿ. ಅವರ ಕಿವಿ ಐವತ್ತು ವರ್ಷ ಬೈಠಕ್ಕುಗಳಲ್ಲಿ ಕೂತು ತಯಾರಾದ ಕಿವಿ. ಅದನ್ನು ಅವರು ನನಗೆ ಕೊಡಲಾರರು. ‘ಜವಾರಿ ಇಲ್ಲ’ ಎಂದು ಹೇಳಬಲ್ಲರು, ಎಲ್ಲಿ ಇಲ್ಲ, ಯಾಕೆ ಇಲ್ಲ ಎಂದು ತೋರಿಸಲಾರರು. ನನ್ನಂಥವನ ಮುಂದೆ ಎರಡೇ ದಾರಿ: ಅವರ ಮಾತನ್ನು ನಂಬುವುದು, ಇಲ್ಲವೆ ನನ್ನ ತರಬೇತಿಯಿಲ್ಲದ ಕಿವಿಯನ್ನು ನಂಬುವುದು. ಮೂರನೆಯ ದಾರಿ ತೆರೆದದ್ದು ಕಡ ತಂದ ಆ ಮೈಕು. ಅದು ಯಾರ ಶಿಷ್ಯ ಎಂದು ಕೇಳಲಿಲ್ಲ, ಯಾವ ಮನೆತನ ಎಂದು ಕೇಳಲಿಲ್ಲ. ಡಿಜೆ ಹುಡುಗನಿಗೂ ಅದೇ ಗೆರೆ, ನನಗೂ ಅದೇ ಗೆರೆ. ಅಳತೆಯನ್ನು ಅರಸಿಕತೆ ಎಂದು ಮೂಗು ಮುರಿಯುವವರು ರಸವನ್ನು ಕಾಯುತ್ತಿಲ್ಲ, ಬಾಗಿಲನ್ನು ಕಾಯುತ್ತಿದ್ದಾರೆ.

ತಂಬೂರಿಯನ್ನೇ ಅಳೆದವರು ನಮ್ಮವರಿದ್ದಾರೆ. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದು ಎಂಬುದು ಯುರೋಪಿನ ನಿಯಮ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆ ಈ ನಿಯಮ ಮೀರುತ್ತವೆ ಎಂದು ಬರೆದರು. ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಕಂಪಿಸುವುದರಿಂದ ಇಲ್ಲದಿರಬೇಕಾದ ಸ್ವರಗಳೂ ಹುಟ್ಟುತ್ತವೆ. ಈ ಅಳತೆಯಿಂದ ತಂಬೂರಿಯ ರಸ ಒಂದು ಗುಲಗಂಜಿಯಷ್ಟಾದರೂ ಸೋರಿತೆ?

‘ಯಂತ್ರ’ ಎಂದೊಡನೆ ಗಾಂಧಿಯನ್ನು ಎಳೆತರುವವರೂ ಇದ್ದಾರೆ. ನಾಗಾವಿಯ ನಮ್ಮ ವಿಶ್ವವಿದ್ಯಾಲಯದ ಆವರಣದಲ್ಲಿ ಸಾಬರಮತಿ ಆಶ್ರಮದ ಪ್ರತಿರೂಪವೇ ಇರುವುದರಿಂದ ಅದು ಸುಲಭ. ಅದೇ ಗಾಂಧಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನನ್ನ ವಿರುದ್ಧದ ಗಟ್ಟಿ ವಾದ ಬೇರೆ ಇದೆ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ರೆಕಾರ್ಡು ಕೇಳಿ ಹುಚ್ಚಾದರು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಗರಗರ ಸದ್ದಿನ, ಮೂರು ನಿಮಿಷಕ್ಕೆ ಮುಗಿಯುವ ಅರಗಿನ ತಟ್ಟೆ. ಅದಕ್ಕೆ ಯಾವ ಕ್ರಾಸ್‌ಓವರ್ ಇತ್ತು? ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಒಂದಿಡೀ ತಲೆಮಾರು ಮೀಡಿಯಂ ವೇವ್ ರೇಡಿಯೋದಲ್ಲೇ ಮನ್ಸೂರರನ್ನು ಕೇಳಿತು, ಮೇಲಿನ ಸ್ವರಗಳು ಅರ್ಧಕ್ಕೇ ಕತ್ತರಿಸಿದ ದನಿಯಲ್ಲಿ. ಅವರಿಗೆ ರಸ ಸಿಗಲಿಲ್ಲವೆ?

ಸಿಕ್ಕಿತು. ಯಾಕೆಂದರೆ ಅವರಿಗೆ ರೇಡಿಯೋ ನೆನಪಿಸುವ ಯಂತ್ರವಾಗಿತ್ತು. ಮುಂಜಾನೆ ರೇಡಿಯೋದಲ್ಲಿ ಕೇಳಿದವರನ್ನು ಸಂಜೆ ಎದುರು ಕೂತು ಕೇಳಬಹುದಿತ್ತು. ಕತ್ತರಿಸಿಹೋದದ್ದನ್ನು ಮನಸ್ಸು ತುಂಬಿಕೊಳ್ಳುತ್ತಿತ್ತು. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿತ್ತು, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಕಿವಿಯನ್ನೇ ಕಣ್ಣಾಗಿಸಿ ಶಿಷ್ಯರನ್ನು ಬೆಳೆಸುತ್ತಿದ್ದರು. ನನ್ನ ಸ್ಥಿತಿ ನೋಡಿ. ಮನ್ಸೂರರು 1992ರಲ್ಲಿ ತೀರಿದರು, ನಾನು ಹುಟ್ಟುವ ಮೊದಲು. ಗಂಗೂಬಾಯಿಯವರು 2009ರಲ್ಲಿ, ಭೀಮಸೇನರು 2011ರಲ್ಲಿ, ನಾನಿನ್ನೂ ಶಾಲೆಯಲ್ಲಿದ್ದಾಗ. ಅವರಲ್ಲಿ ಯಾರನ್ನೂ ಎದುರು ಕೂತು ಕೇಳಿಲ್ಲ, ಇನ್ನು ಕೇಳಲಾರೆ. ನನ್ನ ಪಾಲಿಗೆ ಅವರು ಇರುವುದು ಒಂದು ಕಾಗದದ ಕೋನು ಅಲುಗುವಾಗ ಮಾತ್ರ. ಆ ಕೋನು ಸುಳ್ಳು ಹೇಳಿದರೆ ಅದನ್ನು ತಿದ್ದುವ ನೆನಪು ನನ್ನಲ್ಲಿಲ್ಲ. ‘ಸ್ಪೀಕರ್ ಕೇಳಬೇಡ, ಸಂಗೀತ ಕೇಳು’ ಎನ್ನುವುದು ಎರಡನ್ನೂ ಬೇರೆ ಮಾಡಬಲ್ಲ ಪುಣ್ಯವಂತರ ಮಾತು.

ಅಳತೆಯ ಹೆಸರಿನಲ್ಲಿ ನಡೆಯುವ ಮೋಸವನ್ನೂ ಮರೆತಿಲ್ಲ. ಅಪ್ಪನ ಕಾಲದ ಟೇಪ್‌ರೆಕಾರ್ಡರುಗಳ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟು ಅಚ್ಚಾಗಿರುತ್ತಿತ್ತು, ಗೋಡೆಯ ಪ್ಲಗ್ಗಿನಿಂದ ಬರುತ್ತಿದ್ದದ್ದು ಅದರ ಚೂರುಪಾರು. ಈಗ ಬಂಗಾರದ ಲೇಪದ ವೈರು ಮಾರುವವರು ಬಂದಿದ್ದಾರೆ. ಇವರಿಬ್ಬರನ್ನೂ ಬಯಲಿಗೆಳೆಯಲು ಮತ್ತೆ ಬೇಕಾದದ್ದು ಮೀಟರೇ.

ಟ್ವೀಟರಿನ ತಂತಿ ತಿರುಗಿಸಿದ ಮೇಲೆ ಮಾಸ್ತರರನ್ನು ಮತ್ತೆ ಕರೆದೆ. ಈ ಬರಹದ ಮೊದಲ ಸಾಲು ಅವರು ಅಂದದ್ದು ಆ ದಿನ, ಗೆರೆಗಳ ಚಿತ್ರ ತೋರಿಸಲು ನಾನು ಲ್ಯಾಪ್‌ಟಾಪ್ ತೆಗೆದಾಗ. ಅದನ್ನು ಮುಚ್ಚಿ ಅದೇ ರೆಕಾರ್ಡಿಂಗ್ ಹಾಕಿದೆ. ತಂಬೂರಿ ಬಂತು. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಬಲಗೈ ಬೆರಳು ಮಾತ್ರ ತೊಡೆಯ ಮೇಲೆ ಆಡತೊಡಗಿತು. ‘ಸ್ವಲ್ಪ ಜೋರ್ ಮಾಡು’ ಅಂದರು. ಮಾಡಿದೆ. ಇನ್ನೂ ಸ್ವಲ್ಪ ಅಂದರು. ಐದು ನಿಮಿಷದ ನಂತರ ಎಡಗಡೆಯ ಪೆಟ್ಟಿಗೆಯ ಕಡೆ ಕೈ ಮಾಡಿ, ‘ಕೆಳಗಿನ ಷಡ್ಜಕ್ಕ ಅದರಾಗ ಏನೋ ಗುಂಯ್ ಅಂತದ ನೋಡು’ ಎಂದರು.

ನನಗೆ ಕೇಳಲಿಲ್ಲ. ಮೆಲ್ಲಗಿನ ದನಿಯಲ್ಲಿ ಮಾತ್ರ ಅಳೆದಿದ್ದೆ, ಅಷ್ಟು ಜೋರಿನಲ್ಲಿ ಅಲ್ಲ. ಮೈಕು ಕಡ ಕೊಟ್ಟವರಿಗೆ ಇನ್ನೊಂದು ವಾರ ಇರಲಿ ಎಂದು ಹೇಳಿದ್ದೇನೆ. ರವಿವಾರ ಎಡಗಡೆಯ ಪೆಟ್ಟಿಗೆಯ ಸ್ಕ್ರೂ ಬಿಚ್ಚಬೇಕು.