ಹೊಂಗೆಯೆಣ್ಣೆಯೂ ಅದರ ಪರೀಕ್ಷೆಯೂ

ಮಾನವಿಯ ಕಾಲುವೆಯ ಸೀಮೆಯಲ್ಲಿ ಭತ್ತದ ಕೊಯ್ಲು ಬಂದಿತೆಂದರೆ ಯಂತ್ರಗಳಿಗೆ ಸುರಿಯಬೇಕಾದ ಡೀಸೆಲಿನ ಲೆಕ್ಕವು ರೈತನ ನಿದ್ದೆಗೆಡಿಸುತ್ತದೆ. ಅತ್ತ ದೇವದುರ್ಗದ ಹಳ್ಳಗಳ ದಂಡೆಯಲ್ಲಿ ಹೊಂಗೆಯ ಕಾಯಿ ಉದುರಿ ಮಣ್ಣುಪಾಲಾಗುತ್ತದೆ. ಈ ಬೀಜದಿಂದ ಆ ಇಂಧನವನ್ನು ಮಾಡಬಾರದೇಕೆಂದು ಕೇಳುವವರು ನಮ್ಮಲ್ಲಿ ಅನೇಕರು. ಮಾಡಬಹುದೆಂಬುದರಲ್ಲಿ ಸಂಶಯವಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಡೀಸೆಲ್ ಯಂತ್ರವೊಂದು ಶೇಂಗಾ ಎಣ್ಣೆಯಿಂದ ನಡೆದಿತ್ತು; ನಮ್ಮ ರಾಜ್ಯಕ್ಕೆ 2009ರಲ್ಲಿಯೇ ಜೈವಿಕ ಇಂಧನ ನೀತಿಯು ಬಂದಿತು. ಶೇಂಗಾ ಮಾತ್ರ ಈಗ ಬೇಡ. ಉಣ್ಣುವ ಎಣ್ಣೆಯನ್ನು ಪರದೇಶದಿಂದ ತರಿಸುವ ನಾವು ಅದನ್ನು ಸುಡುವುದು ವಿವೇಕವಲ್ಲ. ಹೊಂಗೆ, ಬೇವು, ಖಾನಾವಳಿಗಳಲ್ಲಿ ಕರಿದುಳಿದ ಎಣ್ಣೆ, ಇವು ಸಾಕು.

ಆದರೆ ಗಾಣದಿಂದಿಳಿದ ಎಣ್ಣೆಯೇ ಇಂಧನವೆಂದು ಭ್ರಮಿಸಿದವರು ಯಂತ್ರವನ್ನು ಕೆಡಿಸಿಕೊಂಡಾರು. ಅದು ಡೀಸೆಲಿಗಿಂತ ಸುಮಾರು ಹತ್ತುಪಟ್ಟು ಮಂದವಾದುದು. ತುಂತುರಾಗದೆ, ಪೂರ್ತಿ ಉರಿಯದೆ, ಮಸಿಯಾಗಿ ಕಟ್ಟುತ್ತದೆ. ಮೆಥನಾಲನ್ನೂ ಅಲ್ಪ ಕಾಸ್ಟಿಕ್ ಸೋಡಾವನ್ನೂ ಕೂಡಿಸಿ ಕಾಸಿದರೆ ಗ್ಲಿಸರಿನ್ ತಳಕ್ಕಿಳಿದು, ಮೇಲೆ ತೆಳುವಾದ ಇಂಧನವು ನಿಲ್ಲುತ್ತದೆ. ಹಸಿಯಲ್ಲಿಟ್ಟ ಹೊಂಗೆಬೀಜದ ಎಣ್ಣೆಯಲ್ಲಾದರೋ ಆಮ್ಲವು ಹೆಚ್ಚು. ಅದಕ್ಕೆ ಸೋಡಾ ಬೆರೆಸಿದರೆ ದೊರೆಯುವುದು ಇಂಧನವಲ್ಲ, ಸಾಬೂನು! ಮೊದಲು ಗಂಧಕಾಮ್ಲ ಮತ್ತು ಮೆಥನಾಲಿನಿಂದ ಅದನ್ನು ಸಂಸ್ಕರಿಸಲೇಬೇಕು. ಮೆಥನಾಲು ವಿಷವೂ ಹೌದು, ಬೇಗ ಬೆಂಕಿ ಹಿಡಿಯುವಂಥದೂ ಹೌದು. ಮನೆಯಂಗಳದಲ್ಲಿ ಮಾಡುವ ಕೆಲಸವಿದಲ್ಲ.

ಹೀಗೆ ಸಿದ್ಧವಾದುದು ಯೋಗ್ಯವೋ ಅಲ್ಲವೋ ಎಂಬುದನ್ನು ಕಣ್ಣಿನಿಂದ ತಿಳಿಯಲಾಗದು. ಚೆನ್ನಾಗಿ ತೊಳೆಯದೆ ಮೆಥನಾಲು ಉಳಿದಿದ್ದರೆ ಕಡಿಮೆ ಉಷ್ಣದಲ್ಲಿಯೇ ಅದು ಕಿಡಿಗೆ ಹೊತ್ತಿಕೊಳ್ಳುತ್ತದೆ; ನೀರು ಉಳಿದಿದ್ದರೆ ಪಂಪು ತುಕ್ಕು ಹಿಡಿಯುತ್ತದೆ. ಭಾರತೀಯ ಮಾನಕ 15607ರ ಪ್ರಕಾರ ಒಂದು ಗ್ರಾಮಿನಲ್ಲಿರುವ ಆಮ್ಲವನ್ನು ತಣಿಸಲು ಅರ್ಧ ಮಿಲಿಗ್ರಾಮಿಗಿಂತ ಹೆಚ್ಚು ಪೊಟ್ಯಾಷ್ ಕ್ಷಾರವು ಬೇಕಾಗಕೂಡದು. ಚಳಿಯಲ್ಲಿ ಹೆಪ್ಪುಗಟ್ಟುವ ಭಯವು ನಮ್ಮ ರಾಯಚೂರಿನಲ್ಲಿ ಕಡಿಮೆ. ಆದರೆ ಇಲ್ಲಿಯ ಬಿಸಿಲು ಕೂಡಿಟ್ಟ ಇಂಧನವನ್ನು ಬೇಗ ಕೆಡಿಸುತ್ತದೆಂಬುದನ್ನು ಮರೆಯಲಾಗದು. ಜೈವಿಕ ಡೀಸೆಲೆಂಬ ಹೆಸರಿನಲ್ಲಿ ಬೇರೆ ತೈಲಗಳನ್ನು ಮಾರಿದ ಸಂಗತಿಗಳು ದೇಶದಲ್ಲಿ ನಡೆದಿವೆ. ಟ್ರ್ಯಾಕ್ಟರಿನ ಸಾಲವಿನ್ನೂ ತೀರದ ರೈತನಿಗೆ ಅಂಥ ಮೋಸದಿಂದಾಗುವ ನಷ್ಟವನ್ನು ತುಂಬಿಕೊಡುವವರಾರು?

ಸಸಿ ನೆಡುವ ಸಮಾರಂಭಗಳಿಗೆ ನಮ್ಮ ವಿರೋಧವಿಲ್ಲ. ಭಾವಚಿತ್ರಗಳೂ ಚೆನ್ನಾಗಿ ಬರುತ್ತವೆ. ಆದರೆ 2009ರಿಂದ ನಮ್ಮ ಊರಿನಲ್ಲಿಯೇ ಕೃಷಿ ವಿಶ್ವವಿದ್ಯಾಲಯವಿದೆ, ಅದಕ್ಕೆ ಕೃಷಿ ಇಂಜಿನಿಯರಿಂಗ್ ಕಾಲೇಜೂ ಇದೆ. ಅಲ್ಲಿಗೆ ಸೀಸೆಯಲ್ಲಿ ಮಾದರಿಯನ್ನು ತಂದ ಯಾವ ರೈತನಿಗಾಗಲಿ ಮಂದತೆ, ಆಮ್ಲ, ನೀರು, ಹೊತ್ತುವ ಉಷ್ಣ ಇವುಗಳನ್ನು ಪರೀಕ್ಷಿಸಿ ಕನ್ನಡದಲ್ಲಿ ಬರೆದ ಚೀಟಿಯನ್ನು ಕೊಡುವ ವ್ಯವಸ್ಥೆಯು ವಾರಕ್ಕೊಂದು ದಿನವಾದರೂ ಇರಲಿ. ದೇವದುರ್ಗ, ಮಾನವಿಗಳಲ್ಲಿ ಒಣಗಿಸಿದ ಬೀಜಕ್ಕೆ ಹಸಿಬೀಜಕ್ಕಿಂತ ಹೆಚ್ಚಿನ ದರವನ್ನು ಜಿಲ್ಲಾಡಳಿತವು ಬೇಸಿಗೆಯ ಕಾಯಿ ಉದುರುವ ಮುನ್ನವೇ ಗೊತ್ತುಪಡಿಸಲಿ.