ಕಂಪೈಲ್ ಆಯ್ತು, ಕೇಳಿಸಿತೇ?

ನಮ್ಮ ಲ್ಯಾಬ್‌ನಲ್ಲಿ ಪರದೆ ಮೇಲೆ ‘ಝೀರೋ ಎರರ್’ ಎಂದು ಬಂದರೆ ಸಾಕು, ರೆಕಾರ್ಡ್ ಬುಕ್‌ಗೆ ಸಹಿ ಬಿದ್ದ ಹಾಗೆ. ಇಂಟರ್ನ್‌ಶಿಪ್‌ಗೆ ಹೋದಾಗಲೂ ನಾನು ಅದೇ ಗುಂಗಿನಲ್ಲಿದ್ದೆ.

ಸಭಾಂಗಣವೊಂದರ ಧ್ವನಿ ವ್ಯವಸ್ಥೆಯ ಕೆಲಸ. ಮೈಕ್, ಮಿಕ್ಸರ್, ಈಕ್ವಲೈಸರ್, ಸ್ಪೀಕರ್‌ಗಳ ಬ್ಲಾಕ್‌ಗಳನ್ನು ಸಾಫ್ಟ್‌ವೇರ್‌ನಲ್ಲಿ ಗೆರೆ ಎಳೆದು ಜೋಡಿಸಿ ಕಂಪೈಲ್ ಒತ್ತಬೇಕು. ಯಾವ ಬ್ಲಾಕ್ ಯಾವ ಪ್ರೊಸೆಸರ್‌ನಲ್ಲಿ ಓಡಬೇಕು, ನೆಟ್‌ವರ್ಕ್‌ನಲ್ಲಿ ಎಷ್ಟು ಚಾನೆಲ್ ಸಾಗಬೇಕು ಎಂದು ಅದೇ ಲೆಕ್ಕ ಹಾಕುತ್ತದೆ. ಸಾಮರ್ಥ್ಯ ಮೀರಿದರೆ ತಕರಾರು ತೆಗೆಯುತ್ತದೆ. ಒಂದೇ ಚಾನೆಲ್‌ಗೆ ಸೆಕೆಂಡಿಗೆ 48,000 ಸ್ಯಾಂಪಲ್, ತಲಾ 24 ಬಿಟ್. ಕ್ಲಾಸಿನಲ್ಲಿ ನಿದ್ದೆ ತರಿಸಿದ್ದ ಡಿಎಸ್‌ಪಿ ಇದೇನಾ ಅನ್ನಿಸಿತು!

ಮೂರನೇ ಸಲಕ್ಕೆ ನನ್ನ ಡಿಸೈನ್ ಕಂಪೈಲ್ ಆಯಿತು. ಖುಷಿಯಿಂದ ಹಿಂದಿನ ಸಾಲಿನಲ್ಲಿ ಹೋಗಿ ಕೂತರೆ, ಪ್ರತಿ ಮಾತೂ ಎರಡೆರಡು ಸಲ! ವೇದಿಕೆಯಿಂದ 20 ಮೀಟರ್ ದೂರದಲ್ಲಿದ್ದ ಸ್ಪೀಕರ್‌ಗೆ ಡಿಲೇ ಕೊಡಲು ಮರೆತಿದ್ದೆ. ಗಾಳಿಯಲ್ಲಿ ಶಬ್ದ ಅಷ್ಟು ದೂರ ಬರಲು ಸುಮಾರು 58 ಮಿಲಿಸೆಕೆಂಡ್ ಬೇಕು. ಕೇಬಲ್‌ನಲ್ಲಿ ಬಂದದ್ದು ಅದಕ್ಕೂ ಮೊದಲೇ ಮುಟ್ಟಿತ್ತು. ಸಭಾಂಗಣದ ಉದ್ದ ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗಬೇಕು? ಅಳತೆ ಟೇಪ್ ಹಿಡಿಯಬೇಕಾದವನು ನಾನು.

ತಪ್ಪು ನನ್ನದೇ. ಆದರೆ ಲ್ಯಾಬ್ ಪರೀಕ್ಷೆಯಲ್ಲಾಗಿದ್ದರೆ ಇದೇ ಡಿಸೈನ್‌ಗೆ ಪೂರ್ತಿ ಅಂಕ ಬರುತ್ತಿತ್ತು ಎಂಬುದು ನನ್ನ ತಕರಾರು. ಫಿಲ್ಟರ್‌ನ ಗ್ರಾಫ್ ಪ್ರಿಂಟ್ ತೆಗೆದು ರೆಕಾರ್ಡ್‌ಗೆ ಅಂಟಿಸುತ್ತೇವೆ. ಅದು ಹೇಗೆ ಕೇಳಿಸುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಮೈಕ್, ಎರಡು ಸ್ಪೀಕರ್, ಕಾಲೇಜಿನದೇ ಸೆಮಿನಾರ್ ಹಾಲ್ ಸಾಕಲ್ಲವೇ? ವೈವಾಕ್ಕೆ ಬಂದವರು ಕೊನೆಯ ಬೆಂಚಿನಲ್ಲಿ ಕೂತು ಕೇಳಲಿ, ಆಮೇಲೆ ಅಂಕ ಹಾಕಲಿ.