ಎರಡು ಕೋಣೆ, ಒಂದು ಗಣಕಯಂತ್ರ

ಗಣಕಯಂತ್ರ ಒಂದು, ಅದರ ಮುಂದೆ ಕುಳಿತುಕೊಳ್ಳಬೇಕಾದವರು ಇಬ್ಬರು. ಯಜಮಾನರಿಗೆ ಓದುವ ಕೋಣೆಯ ಏಕಾಂತ ಬೇಕು. ಮಕ್ಕಳು ನಡುಮನೆಯಲ್ಲಿ ತಾಯಿಯ ಕಣ್ಣೆದುರಿಗೇ ಪಾಠ ಮಾಡಬೇಕು. ಎರಡನೆಯ ಯಂತ್ರವನ್ನು ಕೊಳ್ಳೋಣವೆಂದರೆ ತಿಂಗಳ ಲೆಕ್ಕ ಒಪ್ಪದು. ಇರುವ ಒಂದನ್ನೇ ಎರಡೂ ಕೋಣೆಗಳಿಂದ ನಡೆಸುವುದು ಸಾಧ್ಯವೇ? ಸಾಧ್ಯ. ಆದರೆ ತಂತಿ ಎಳೆಯುವ ಮುನ್ನ ಮನೆಯವರು ತೀರ್ಮಾನಿಸಬೇಕಾದ ಸಂಗತಿಯೊಂದುಂಟು: ಬಳಸುವವರು ಸರದಿಯ ಮೇಲೆ ಬಳಸುವರೋ, ಏಕಕಾಲದಲ್ಲಿಯೋ?

ಸರದಿಯಾದರೆ ಕೆಲಸ ಸುಲಭ. ಯಂತ್ರಕ್ಕೆ ಇನ್ನೊಂದು ಪರದೆ, ಇನ್ನೊಂದು ಕೀಲಿಮಣೆ, ಇನ್ನೊಂದು ಮೌಸ್ ಜೋಡಿಸಿ, ಅವುಗಳ ತಂತಿಗಳನ್ನು ಪಕ್ಕದ ಕೋಣೆಗೆ ಒಯ್ದರಾಯಿತು. ಜನ ಮೋಸಹೋಗುವುದು ಅಳತೆಯಲ್ಲಿ. ಮೇಜಿನಿಂದ ಮೇಜಿಗೆ ನೇರವಾಗಿ ೪ ಮೀಟರ್ ಇರಬಹುದು. ತಂತಿಯಾದರೋ ಗೋಡೆಯನ್ನೇರಿ, ಬಾಗಿಲ ಚೌಕಟ್ಟನ್ನು ಬಳಸಿ, ಮತ್ತೆ ಇಳಿಯಬೇಕು. ನಾಲ್ಕು ಹತ್ತಾಗುವುದು ಸಹಜ. ಯುಎಸ್‌ಬಿ ೨.೦ ತಂತಿಗೆ ವಿಧಿಸಿರುವ ಮಿತಿ ೫ ಮೀಟರ್. ಚಿತ್ರವನ್ನೊಯ್ಯುವ ಸಾಧಾರಣ ಎಚ್‌ಡಿಎಂಐ ತಂತಿ ೧೦ ಮೀಟರ್ ದಾಟಿತೆಂದರೆ ಚಿತ್ರ ಮಿನುಗುವುದು, ಒಮ್ಮೊಮ್ಮೆ ಮಾಯವೇ ಆಗುವುದು ಅಪರೂಪವಲ್ಲ. ಅಂಥಲ್ಲಿ ಕೆವಿಎಂ ಎಕ್ಸ್‌ಟೆಂಡರ್ ಎಂಬ ಜೋಡಿಪೆಟ್ಟಿಗೆ ಒದಗುತ್ತದೆ: ಯಂತ್ರದ ಬಳಿ ಒಂದು, ದೂರದ ಮೇಜಿನ ಬಳಿ ಇನ್ನೊಂದು, ನಡುವೆ ಇಂಟರ್‌ನೆಟ್ಟಿಗೆ ಬಳಸುವಂಥದೇ ಕ್ಯಾಟ್-೬ ತಂತಿ. ಎಚ್‌ಡಿಬೇಸ್‌ಟಿ ಎಂಬ ಕ್ರಮದಲ್ಲಿ ಚಿತ್ರವನ್ನು ೧೦೦ ಮೀಟರಿನವರೆಗೂ ಒಯ್ಯಬಹುದು. ಯಾವ ಮಧ್ಯಮವರ್ಗದ ಮನೆಗೂ ಇದು ಅಗತ್ಯಕ್ಕಿಂತ ಹೆಚ್ಚೇ. ಈ ತಂತಿಯನ್ನು ವಿದ್ಯುತ್ತಿನ ತಂತಿಯಿರುವ ಕೊಳವೆಯಲ್ಲಿಯೇ ತೂರಿಸಲು ಕೆಲಸದವರು ಹವಣಿಸಿದರೆ ತಡೆಯಬೇಕು. ಅದು ಅಪಾಯ.

ಇಷ್ಟಾದ ಮೇಲೆ ಮೊದಲ ದಿನ ಎಲ್ಲರಿಗೂ ಸಂತೋಷ. ತೊಡಕು ಕಾಣಿಸಿಕೊಳ್ಳುವುದು ತರುವಾಯ. ಕೀಲಿಮಣೆಗಳು ಎರಡಾದರೂ ಯಂತ್ರದ ಎಣಿಕೆಯಲ್ಲಿ ಬಳಸುವವನು ಒಬ್ಬನೇ. ನಡುಮನೆಯಲ್ಲಿ ಮಗು ಗುಂಡಿಗಳ ಮೇಲೆ ಕೈಯಾಡಿಸಿದರೆ, ಓದುವ ಕೋಣೆಯಲ್ಲಿ ತಂದೆ ಬರೆಯುತ್ತಿರುವ ಪತ್ರದ ನಡುವೆ ಅರ್ಥವಿಲ್ಲದ ಅಕ್ಷರಗಳು ಉದುರುತ್ತವೆ. ಇದು ನಗುವ ಸಂಗತಿ, ಎರಡನೆಯದು ಹಾಗಲ್ಲ. ಎರಡು ಪರದೆಗಳೂ ಒಂದೇ ಚಿತ್ರವನ್ನು ತೋರುವಂತೆ ಹೊಂದಿಸಿರುವ ಮನೆಯಲ್ಲಿ, ಗೃಹಿಣಿಯೊಬ್ಬರು ಒಳಗೆ ಕುಳಿತು, ಇನ್ನೂ ಯಾರಿಗೂ ಹೇಳಿರದ ತಮ್ಮ ರಕ್ತಪರೀಕ್ಷೆಯ ವರದಿಯನ್ನು ತೆರೆದರೆನ್ನಿ. ಹೊರಗೆ ಅತ್ತೆಯವರೂ ಬಂದ ನೆಂಟರೂ ಅದನ್ನು ಅದೇ ಕ್ಷಣದಲ್ಲಿ ಓದಬಹುದು. ಕೋಣೆಯ ಬಾಗಿಲು ಹಾಕಿದೆ ಎಂಬ ನಂಬಿಕೆಯೇ ಇಲ್ಲಿ ಮೋಸಮಾಡುತ್ತದೆ. ವಿಂಡೋಸ್ ಇರುವ ಯಂತ್ರವಾದರೆ ವಿಂಡೋಸ್ ಗುಂಡಿಯನ್ನೂ ಪಿ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಒಂದೇ ಪರದೆಯಲ್ಲಿ ಚಿತ್ರ ಬರುವಂತೆ ಆರಿಸಿಕೊಳ್ಳಬಹುದು. ಮನೆಯಲ್ಲಿ ಹರೆಯದ ಮಕ್ಕಳಿಂದ ಹಿಡಿದು ಹಿರಿಯರವರೆಗೆ ಎಲ್ಲರಿಗೂ ಈ ಎರಡು ಗುಂಡಿಗಳ ಗುರುತು ಇರತಕ್ಕದ್ದು.

ಏಕಕಾಲದಲ್ಲಿ ಇಬ್ಬರೂ ಬಳಸಬೇಕೆಂದರೆ ಮಾತೇ ಬೇರೆ. ಆದರೂ ಆಸೆ ಹೊಸದಲ್ಲ. ಯಂತ್ರವೊಂದು ಇಡೀ ಕೋಣೆಯನ್ನು ತುಂಬುತ್ತಿದ್ದ ಕಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಂಬುದು ಯೋಚಿಸುವ ಮಾತೇ ಆಗಿರಲಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕಾರ್ಬಾಟೊ ಅವರು ೧೯೬೧ರ ನವೆಂಬರಿನಲ್ಲಿ, ಒಂದೇ ಯಂತ್ರ ತನ್ನ ಕಾಲವನ್ನು ಚೂರುಚೂರಾಗಿ ಹಂಚಿ ಹಲವರಿಗೆ ದುಡಿಯುವ ಏರ್ಪಾಟನ್ನು ತೋರಿಸಿಕೊಟ್ಟರು. ೧೯೬೪ರ ಮೇ ೧ರಂದು, ಬೆಳಗಿನ ಜಾವ ೪ ಗಂಟೆಗೆ, ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಎಂಬ ಅಧ್ಯಾಪಕರ ಏರ್ಪಾಟಿನಲ್ಲಿ ಎರಡು ಟೆಲಿಟೈಪುಗಳಿಂದ ಬಂದ ಲೆಕ್ಕಗಳಿಗೆ ಒಂದೇ ಯಂತ್ರ ಉತ್ತರವಿತ್ತಿತು. ಇಂದು ಮೇಜಿನ ಕೆಳಗಿರುವ ಪುಟ್ಟ ಪೆಟ್ಟಿಗೆಗೆ ಅವೆರಡಕ್ಕಿಂತ ಎಷ್ಟೋ ಪಾಲು ಹೆಚ್ಚು ಶಕ್ತಿಯಿದೆ. ಕೊರತೆ ಶಕ್ತಿಯದಲ್ಲ, ಅಪ್ಪಣೆಯದು. ವಿಂಡೋಸಿನ ಹೋಮ್ ಆವೃತ್ತಿಯು ರಿಮೋಟ್ ಡೆಸ್ಕ್‌ಟಾಪಿನ ಮೂಲಕ ಬೇರೆ ಕೋಣೆಯಿಂದ ತನ್ನನ್ನು ನಡೆಸಲು ಬಿಡುವುದೇ ಇಲ್ಲ. ಪ್ರೊ ಆವೃತ್ತಿ ಬಿಡುತ್ತದೆ, ಆದರೆ ಒಬ್ಬರು ಒಳಹೊಕ್ಕರೆ ಇನ್ನೊಬ್ಬರ ಪರದೆಗೆ ಬೀಗ ಬೀಳುತ್ತದೆ. ಲಿನಕ್ಸ್ ಈ ವಿಷಯದಲ್ಲಿ ಉದಾರಿ. ಪರದೆ, ಕೀಲಿಮಣೆ, ಮೌಸ್‌ಗಳನ್ನು ಒಂದೊಂದು ಪೀಠವಾಗಿ ವಿಂಗಡಿಸಿ, ಇಬ್ಬರಿಗೂ ಬೇರೆ ಬೇರೆ ಪ್ರವೇಶ ಕೊಡುತ್ತದೆ. ಸಾಮಾನ್ಯವಾಗಿ ಪ್ರತಿ ಪೀಠಕ್ಕೂ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ, ಹೊಂದಿಸಲು ಬಲ್ಲವರೊಬ್ಬರ ನೆರವೂ ಬೇಕು. ಅಂಥ ಬಲ್ಲವರು ಮನೆಯಲ್ಲಿಲ್ಲದಿದ್ದರೆ ಸರದಿಯೇ ಮೇಲು.

ಇನ್ನುಳಿದದ್ದು ಯಂತ್ರವನ್ನು ಆರಿಸುವ ಗುಂಡಿ. ಎರಡು ಪೀಠಗಳ ಮನೆಯಲ್ಲಿ ಒಳಗಿನವರು ತಮ್ಮ ಕೆಲಸ ಮುಗಿಯಿತೆಂದು ಅದನ್ನೊತ್ತಿದರೆ, ಹೊರಗೆ ಉಳಿಸದೆ ಬರೆಯುತ್ತಿದ್ದ ಪಾಠವೂ ಹೋಗುತ್ತದೆ. ಒತ್ತುವ ಮುನ್ನ ನಡುಮನೆಯತ್ತ ಒಮ್ಮೆ ಕೂಗಿ ಕೇಳುವುದಕ್ಕೆ ಯಾವ ತಂತಿಯೂ ಬೇಡ.